ಅಗ್ಗದ ಎಂಜಿನು, ದೀರ್ಘವಾದ ಓಟ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಸಾಹಿತ್ಯವನ್ನೋ ನಾಡಿನ ಚರಿತ್ರೆಯನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಎರಡರಲ್ಲಿಯೂ ನಮಗೆ ಹೇಳಿಕೊಳ್ಳುವಂಥ ಪರಿಶ್ರಮವಿಲ್ಲ. ಹೊಸೂರಿನ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದು, ಉದ್ಯೋಗದ ನಿಮಿತ್ತ ಅಮೆರಿಕಕ್ಕೆ ಹೋಗಿ ನೆಲೆಸಿದ ಮೂವರು ಗೆಳೆಯರು ನಾವು. “ಬಿಡುವಿನ ವೇಳೆಯಲ್ಲಿ ನೀವು ಅಲ್ಲಿ ಏನು ಮಾಡುತ್ತೀರೋ ಅದನ್ನೇ ಹೇಳಿ, ಆದರೆ ಕನ್ನಡದಲ್ಲಿ ಹೇಳಿ” ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದರು. ಲಾರಿಗಳನ್ನೂ ದ್ವಿಚಕ್ರ ವಾಹನಗಳನ್ನೂ ನಿರ್ಮಿಸುವ ಈ ಊರಿನಲ್ಲಿ ಎಂಜಿನಿನ ಮಾತು ಅಪ್ರಸ್ತುತವಾಗಲಾರದೆಂಬ ಧೈರ್ಯದಿಂದ ಮೂವರ ಪರವಾಗಿ ಈ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಫ್ರಾನ್ಸ್ ದೇಶದ ಲೆ ಮಾನ್ ಪಟ್ಟಣದ 24 ಗಂಟೆಗಳ ಮೋಟಾರು ಪಂದ್ಯ 1923ರಲ್ಲಿ ಮೊದಲಾದುದು. ದೊಡ್ಡ ದೊಡ್ಡ ಕಂಪೆನಿಗಳು ಅಪಾರವಾದ ಹಣವನ್ನು ವ್ಯಯಮಾಡಿ ಅಲ್ಲಿ ಗಾಡಿಗಳನ್ನು ಓಡಿಸುತ್ತವೆ. ಅದನ್ನು ಅಣಕಿಸುವ ಪಂದ್ಯವೊಂದು 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಅದರ ಹೆಸರು ‘24 ಅವರ್ಸ್ ಆಫ್ ಲೆಮನ್ಸ್’. ‘ಲೆಮನ್’ ಎಂದರೆ ನಿಂಬೆಹಣ್ಣಾದರೂ, ಅಮೆರಿಕದ ಆಡುಮಾತಿನಲ್ಲಿ ಕೊಂಡವನನ್ನು ಕಾಡಿಸುವ ಕೆಟ್ಟ ಗಾಡಿಗೆ ಆ ಹೆಸರು. ಇಲ್ಲಿಯ ಮುಖ್ಯ ನಿಯಮವಿದು: ಗಾಡಿಯ ಬೆಲೆಯೂ ಅದನ್ನು ಸಜ್ಜುಗೊಳಿಸುವ ವೆಚ್ಚವೂ ಸೇರಿ 500 ಡಾಲರುಗಳನ್ನು ಮೀರಕೂಡದು. ಗಾಡಿ ಉರುಳಿದರೆ ಚಾಲಕನನ್ನು ಕಾಯುವ ಉಕ್ಕಿನ ಪಂಜರ, ಆಸನದ ಪಟ್ಟಿ, ಬ್ರೇಕು, ಚಕ್ರ, ಟಯರು ಇವೆಲ್ಲ ಪ್ರಾಣರಕ್ಷಣೆಯ ಸಾಮಗ್ರಿಗಳಾದುದರಿಂದ ಈ ಲೆಕ್ಕಕ್ಕೆ ಸೇರವು. ಮಿತಿ ಮೀರಿತೆಂದು ತೀರ್ಪುಗಾರರಿಗೆ ತೋರಿದರೆ ದಂಡವಾಗಿ ಸುತ್ತುಗಳನ್ನು ಕಳೆಯುತ್ತಾರೆ. ಹೆಸರಿನಲ್ಲಿ 24 ಗಂಟೆಯಿದ್ದರೂ ಬಹುಪಾಲು ಪಂದ್ಯಗಳು ಶನಿವಾರ, ಭಾನುವಾರಗಳ ಹಗಲಿನಲ್ಲಿ ನಡೆದು ಒಟ್ಟು ಸುಮಾರು 14 ಗಂಟೆಗಳಲ್ಲಿ ಮುಗಿಯುತ್ತವೆ. ಚಾಲಕರು ಸರದಿಯಂತೆ ಓಡಿಸುತ್ತಾರೆ. ಕಾಲ ಮುಗಿದಾಗ ಅತ್ಯಧಿಕ ಸುತ್ತು ಹಾಕಿದ ತಂಡಕ್ಕೆ ಜಯ.

ನಮ್ಮ ಪಾಲಿಗೆ ಬಂದದ್ದು ವೋಲ್ವೊ 240 ಎಂಬ ಸ್ವೀಡನ್ ದೇಶದ ಪೆಟ್ಟಿಗೆಯಾಕಾರದ ಕುಟುಂಬದ ಗಾಡಿ. 1974ರಿಂದ 1993ರವರೆಗೆ ತಯಾರಾದ ಮಾದರಿಯಿದು. ನಮ್ಮದರಲ್ಲಿ ‘ಬಿ 230 ಎಫ್’ ಎಂಬ ನಾಲ್ಕು ಸಿಲಿಂಡರುಗಳ, 2.3 ಲೀಟರಿನ, 114 ಅಶ್ವಶಕ್ತಿಯ ಎಂಜಿನಿತ್ತು. ಬಹುಕಾಲ ದುಡಿದು ಸವೆದುಹೋಗಿದ್ದ ಅದು ಹೊಗೆಯುಗುಳುತ್ತಿತ್ತು. ಬೇರೊಂದನ್ನು ತಂದು ಕೂರಿಸುವುದು ಅನಿವಾರ್ಯವಾಯಿತು. ಯಾವುದನ್ನು?

ಮೂರು ಮಾರ್ಗಗಳಿದ್ದುವು. ಗುಜರಿಯಿಂದ ಅದೇ ಜಾತಿಯ ಮತ್ತೊಂದು ಎಂಜಿನನ್ನು ತರುವುದು ಮೊದಲನೆಯದು. ವೋಲ್ವೊ 740 ಮತ್ತು 940 ಮಾದರಿಗಳಲ್ಲಿ ಬರುತ್ತಿದ್ದ, ಟರ್ಬೊ ಜೋಡಿಸಿದ, ಸುಮಾರು 160 ಅಶ್ವಶಕ್ತಿಯ ಅದರ ಸೋದರ ಎಂಜಿನನ್ನು ಕೂರಿಸುವುದು ಎರಡನೆಯದು. ಅಮೆರಿಕದ ಟ್ರಕ್ಕುಗಳಲ್ಲಿ 1999ರಿಂದ ಬಳಕೆಗೆ ಬಂದ, ಎಂಟು ಸಿಲಿಂಡರುಗಳ, 5.3 ಲೀಟರಿನ, 270 ಅಶ್ವಶಕ್ತಿಗೆ ಕಡಮೆಯಿಲ್ಲದ ಎಂಜಿನನ್ನು ತರುವುದು ಮೂರನೆಯದು. ಈ ಟ್ರಕ್ಕುಗಳು ಲಕ್ಷಗಟ್ಟಲೆ ಮಾರಾಟವಾದವುಗಳಾದುದರಿಂದ ಗುಜರಿಗಳಲ್ಲಿ ಅವುಗಳ ಎಂಜಿನಿಗೆ ಕೊರತೆಯಿಲ್ಲ, ಬೆಲೆಯೂ ಹೆಚ್ಚಲ್ಲ.

ನಮ್ಮಲ್ಲೊಬ್ಬರು ಮೊದಲನೆಯದೇ ಸಾಕೆಂದರು. “ನಾವು ಗೆಲ್ಲಬೇಕೋ, ಮುಗಿಸಬೇಕೋ? ಅದನ್ನು ಮೊದಲು ತೀರ್ಮಾನಿಸೋಣ” ಎಂಬುದು ಅವರ ಮಾತು. ಉಳಿದಿಬ್ಬರಿಗೆ ಎಂಟು ಸಿಲಿಂಡರುಗಳ ಗರ್ಜನೆಯೇ ಕಿವಿಯಲ್ಲಿ ತುಂಬಿತ್ತು. ಬಹುಮತಕ್ಕೆ ಜಯವಾಯಿತು, ವಿವೇಕಕ್ಕೆ ಸೋಲಾಯಿತು.

ಎಂಜಿನು ಅಗ್ಗವಾಗಿಯೇ ಸಿಕ್ಕಿತು. ಆದರೆ ಅದನ್ನು ಹೊರಲು ಹೊಸ ಆಧಾರಗಳನ್ನು ಬೆಸೆಯಬೇಕಾಯಿತು. ಹಳೆಯ ಗೇರು ಪೆಟ್ಟಿಗೆ ಅದಕ್ಕೆ ಕೂಡಲಿಲ್ಲ. ಹೊಸ ಪೆಟ್ಟಿಗೆ ಬಂದಮೇಲೆ ಹಿಂದಿನ ಚಕ್ರಗಳಿಗೆ ಹೋಗುವ ಷಾಫ್ಟನ್ನು ಕತ್ತರಿಸಿ ಅಳತೆಗೆ ತರಬೇಕಾಯಿತು. ಹೊಗೆಯ ಕೊಳವೆ, ಪೆಟ್ರೋಲು ಪಂಪು, ವೈರಿಂಗು ಎಲ್ಲವೂ ಬೇರೆಯಾದುವು. ಎಂಜಿನನ್ನು ಆಳುವ ಪುಟ್ಟ ಕಂಪ್ಯೂಟರು ತನ್ನ ಹಳೆಯ ಗಾಡಿಯ ಕೀಲಿಕೈಯ ಗುರುತು ಸಿಕ್ಕದೆ ಎಂಜಿನನ್ನು ನಡೆಯಗೊಡಲಿಲ್ಲ. ಅದರೊಳಗಿನ ಕಳ್ಳರ ತಡೆಯನ್ನು ತೆಗೆಸಲು ಮತ್ತೊಬ್ಬರಿಗೆ ಹಣ ತೆತ್ತೆವು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನಮ್ಮ ಜಮಾಖರ್ಚಿನ ಪುಸ್ತಕದಲ್ಲಿ ನಿಜವಾಯಿತು. ರೇಡಿಯೇಟರಿನ ಸರದಿ ಬರುವ ವೇಳೆಗೆ ಕೈ ಬರಿದಾಗಿತ್ತು, ಹಳೆಯದನ್ನೇ ಇಟ್ಟುಕೊಂಡೆವು. ದಂಡದ ಸುತ್ತುಗಳನ್ನೂ ತಲೆಯ ಮೇಲೆ ಹೊತ್ತು ಪಂದ್ಯಕ್ಕೆ ಇಳಿದೆವು.

ಮೊದಲ ಗಂಟೆಯಲ್ಲಿ ನಮ್ಮ ಗಾಡಿ ಹಲವರನ್ನು ಹಿಂದೆ ಹಾಕಿತು. ಎರಡನೆಯ ಗಂಟೆಯಲ್ಲಿ ನೀರು ಕುದಿಯಿತು. ಮುಂದಿನ ಗಾಡಿಯನ್ನು ದಾಟುವ ಉತ್ಸಾಹದಲ್ಲಿದ್ದ ಚಾಲಕರು ಉಷ್ಣಮಾಪಕದ ಮುಳ್ಳನ್ನು ನೋಡಲಿಲ್ಲ. ಸಿಲಿಂಡರುಗಳ ಮೇಲಿನ ಗ್ಯಾಸ್ಕೆಟ್ಟು ಸುಟ್ಟುಹೋಯಿತು. ಮೂವರು ವರ್ಷವೆಲ್ಲ ಕೂಡಿಟ್ಟ ಹಣ ಎರಡು ಗಂಟೆಯಲ್ಲಿ ಆವಿಯಾಯಿತು. ಭಾನುವಾರ ಪ್ರೇಕ್ಷಕರಾಗಿ ಕುಳಿತೆವು. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಆಡಿದ ಕಟುನುಡಿಗಳನ್ನು ಇಲ್ಲಿ ಹೇಳಲಾರೆವು; ಹಲವು ವಾರ ನಮ್ಮೊಳಗೆ ಮಾತುಕತೆಯಿರಲಿಲ್ಲವೆಂದರೆ ಸಾಕು. ಎಂಜಿನಿನಲ್ಲಿ ದೋಷವಿರಲಿಲ್ಲ, ದೋಷವೆಲ್ಲ ನಮ್ಮ ಲೆಕ್ಕದಲ್ಲಿತ್ತು.

ಆ ಲೆಕ್ಕವನ್ನು ಮೊದಲು ಎಚ್ಚರಿಸಿದ ಗೆಳೆಯರೇ ಮುಂದೆ ಒಂದು ದಿನ ಕಾಗದದ ಮೇಲೆ ಬರೆದು ತೋರಿಸಿದರು. ಪೆಟ್ರೋಲಿನ ಶಕ್ತಿಯಲ್ಲಿ ಎಂಜಿನಿನ ದುಡಿಮೆಗೆ ಸಲ್ಲುವುದು ಸ್ಥೂಲವಾಗಿ ಕಾಲುಭಾಗದಿಂದ ಮೂರನೆಯ ಒಂದು ಭಾಗ. ಹೆಚ್ಚುಕಡಮೆ ಅಷ್ಟೇ ಶಾಖ ನೀರಿಗೆ ಇಳಿಯುತ್ತದೆ. ಮಿಕ್ಕದ್ದು ಹೊಗೆಯೊಡನೆ ಹೋಗುತ್ತದೆ. ಶಕ್ತಿ ಇಮ್ಮಡಿಯಾದರೆ ರೇಡಿಯೇಟರು ಹೊರಹಾಕಬೇಕಾದ ಶಾಖವೂ ಇಮ್ಮಡಿ. ಊರೊಳಗಿನ ಗಾಡಿ ತನ್ನ ಪೂರ್ಣಶಕ್ತಿಯನ್ನು ಬಳಸುವುದು ಆಗೊಮ್ಮೆ ಈಗೊಮ್ಮೆ ಕ್ಷಣಕಾಲ. ಪಂದ್ಯದ ಗಾಡಿ ಅದನ್ನು ಗಂಟೆಗಟ್ಟಲೆ ಬಳಸುತ್ತದೆ.

ಇನ್ನು ಪೆಟ್ರೋಲಿನ ಲೆಕ್ಕ. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ನಡೆಸಲು ಸುಮಾರು 230 ಗ್ರಾಮು ಪೆಟ್ರೋಲು ಬೇಕು. ಸರಾಸರಿ 100 ಅಶ್ವಶಕ್ತಿ ಬಳಸುವ ಗಾಡಿ ಗಂಟೆಗೆ ಸುಮಾರು 30 ಲೀಟರನ್ನೂ, 200 ಬಳಸುವ ಗಾಡಿ 60 ಲೀಟರನ್ನೂ ಕುಡಿಯುತ್ತದೆ. ನಮ್ಮ ತೊಟ್ಟಿ 60 ಲೀಟರಿನದು. ಅಂದಮೇಲೆ 14 ಗಂಟೆಗಳಲ್ಲಿ ಮೊದಲನೆಯದು ಆರು ಸಲ ನಿಂತರೆ ಎರಡನೆಯದು ಹದಿಮೂರು ಸಲ ನಿಲ್ಲಬೇಕು. ಒಮ್ಮೆ ನಿಂತರೆ ಆರು ನಿಮಿಷ ಹೋಗುವುದೆಂದೂ, ಸುತ್ತಿಗೆ ಎರಡು ನಿಮಿಷವೆಂದೂ ಇಟ್ಟುಕೊಂಡರೆ, ಹೆಚ್ಚಿನ ಏಳು ನಿಲುಗಡೆಗಳಿಂದ 21 ಸುತ್ತು ನಷ್ಟ. ಅದನ್ನು ತುಂಬಿಕೊಂಡು ಬರಿದೆ ಸರಿಸಮವಾಗಲು ಬಲಶಾಲಿಯಾದ ಗಾಡಿ ಪ್ರತಿ ಸುತ್ತಿನಲ್ಲಿಯೂ ಆರು ಸೆಕೆಂಡು ಬೇಗ ಬರಬೇಕು. 14 ಗಂಟೆಯೂ ಕೆಡದೆ ಬರಬೇಕು.

ಎಣ್ಣೆಯ ವಿಚಾರವನ್ನೂ ಮರೆಯಲಾಗದು. ದೀರ್ಘವಾದ ತಿರುವಿನಲ್ಲಿ ಎಂಜಿನಿನ ತಳದ ತೊಟ್ಟಿಯ ಎಣ್ಣೆ ಒಂದು ಪಕ್ಕಕ್ಕೆ ಸರಿಯುತ್ತದೆ. ಹೀರುವ ಕೊಳವೆಯ ಬಾಯಿಗೆ ಆಗ ಗಾಳಿ ಸಿಕ್ಕುತ್ತದೆ. ಎಣ್ಣೆಯ ಪದರವಿಲ್ಲದೆ ಬೇರಿಂಗುಗಳು ಉಜ್ಜಿ ನಾಶವಾಗುತ್ತವೆ. ಯಾವ ಎಂಜಿನನ್ನೇ ತರಲಿ, ತೊಟ್ಟಿಯೊಳಗೆ ತಗಡಿನ ಅಡ್ಡಗೋಡೆಗಳನ್ನು ಬೆಸೆಯುವುದು ಲೇಸು.

ಎರಡನೆಯ ಸಲ ಹಿಂಭಾಗ ಜಜ್ಜಿಹೋಗಿದ್ದ ಮತ್ತೊಂದು 240 ಗಾಡಿಯನ್ನೇ ಇಡಿಯಾಗಿ ಕೊಂಡೆವು. ಕೊಳ್ಳುವ ಮುನ್ನ ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆದೆವು. ನಾಲ್ಕೂ ಹೆಚ್ಚುಕಡಮೆ ಸಮನಾಗಿದ್ದುವು. ಎಣ್ಣೆಯ ಮುಚ್ಚಳ ತೆಗೆದು ನೋಡಿದೆವು. ನೀರು ಬೆರೆತರೆ ಕಾಣುವ ಹಾಲಿನಂಥ ಬಿಳುಪು ಇರಲಿಲ್ಲ. ಆ ಗಾಡಿಯ ಬಾಗಿಲು, ಗಾಜುಗಳನ್ನು ಮಾರಿದ್ದರಿಂದ ಹಾಕಿದ ಹಣದಲ್ಲಿ ಒಂದಂಶ ಮರಳಿತು. ಟರ್ಬೊ ಬೇಡವೆಂದು ಈ ಸಲ ಮೂವರೂ ಒಮ್ಮತದಿಂದ ನಿರ್ಧರಿಸಿದೆವು. ಹೆಚ್ಚಿನ ಶಕ್ತಿಯೊಡನೆ ಹೆಚ್ಚಿನ ಶಾಖವೂ ಬರುವುದಷ್ಟೆ. ಹೊಸ ಎಂಜಿನು ಹಳೆಯ ಆಧಾರಗಳ ಮೇಲೆಯೇ ಕುಳಿತಿತು, ಹಳೆಯ ವೈರಿಂಗಿಗೇ ಕೂಡಿತು. ಉಳಿದ ಹಣದಲ್ಲಿ ದೊಡ್ಡ ರೇಡಿಯೇಟರನ್ನೂ, ಹೊಸ ನೀರಿನ ಪಂಪನ್ನೂ, ವಾಲ್ವುಗಳನ್ನು ನಡೆಸುವ ಹೊಸ ಬೆಲ್ಟನ್ನೂ ತಂದೆವು. ಈ ಎಂಜಿನಿನ ಒಂದು ಗುಣವನ್ನು ಹೇಳಲೇಬೇಕು: ಓಟದ ನಡುವೆ ಆ ಬೆಲ್ಟು ಹರಿದರೂ ವಾಲ್ವು ಪಿಸ್ಟನ್ನುಗಳು ಒಂದಕ್ಕೊಂದು ತಾಗುವುದಿಲ್ಲ, ಬೆಲ್ಟು ಬದಲಾಯಿಸಿ ಮುಂದುವರಿಯಬಹುದು.

ಈ ಸಲ ಮೊದಲ ಗಂಟೆಯಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋದರು. ಸಂಜೆಯ ವೇಳೆಗೆ ಹಾಗೆ ದಾಟಿದವರಲ್ಲಿ ಹಲವರು ಬಾನೆಟ್ಟು ತೆರೆದು ನಿಂತಿದ್ದರು. ಭಾನುವಾರ ಬೆಳಿಗ್ಗೆ ನಮ್ಮ ಆಲ್ಟರ್ನೇಟರು ಕೆಟ್ಟಿತು. ಜಜ್ಜಿದ ಗಾಡಿಯಿಂದ ಬಿಚ್ಚಿ ತಂದಿದ್ದುದನ್ನು ಹಾಕಿ ಮತ್ತೆ ಹೊರಟೆವು. ಕೊನೆಯ ಬಾವುಟ ಬೀಸಿದಾಗ ನಮ್ಮ ಗಾಡಿ ಓಡುತ್ತಲೇ ಇತ್ತು. ಮೊದಲ ಸ್ಥಾನ ನಮಗೆ ದೊರೆಯಲಿಲ್ಲ. ಆದರೆ ಬಹಳ ದಿನಗಳಮೇಲೆ ಮೂವರೂ ಒಂದೇ ತಟ್ಟೆಯಲ್ಲಿ ಕೈಯಿಟ್ಟು ಉಂಡೆವು. ಅಂದಹಾಗೆ, ಈ ಪಂದ್ಯದ ಅತ್ಯುನ್ನತ ಗೌರವ ಅತಿ ಹೆಚ್ಚು ಸುತ್ತು ಹಾಕಿದವರಿಗೂ ಮೀಸಲಲ್ಲ. ಇದು ಓಡೀತೆಂದು ಯಾರೂ ನಂಬದ ಗಾಡಿಯನ್ನು ಓಡಿಸಿ ತೋರಿಸಿದವರಿಗೆ ಅದು ಸಲ್ಲುತ್ತದೆ.

ಸಭೆಯಲ್ಲಿ ಯಂತ್ರಶಾಸ್ತ್ರವನ್ನು ಓದುತ್ತಿರುವ ತರುಣರಿದ್ದಾರೆ. ಅವರಿಗೆ ನಮ್ಮ ವಿಜ್ಞಾಪನೆಯಿಷ್ಟೆ. ಎಂಜಿನಿನ ಬೆಲೆಯನ್ನು ಕೊನೆಗೆ ಕೇಳಿ. ಅದನ್ನು ಹೊರುವುದು ಯಾವುದು, ತಣಿಸುವುದು ಯಾವುದು, ಎಣ್ಣೆಯುಣಿಸುವುದು ಹೇಗೆ, ಎಷ್ಟು ಪೆಟ್ರೋಲು ಬೇಡುತ್ತದೆ, ಕೆಟ್ಟರೆ ಬಿಡಿಭಾಗ ಕೈಗೆ ಸಿಕ್ಕುವುದೇ ಎಂದು ಮೊದಲು ಕೇಳಿ. ಅದಕ್ಕೂ ಮುನ್ನ, ಎಚ್ಚರಿಕೆ ಹೇಳುವ ಗೆಳೆಯನ ಮಾತಿಗೆ ಕಿವಿಗೊಡಿ. ತಾಳಿದವನು ಬಾಳಿಯಾನು ಎಂಬ ನಮ್ಮ ಹಿರಿಯರ ಮಾತು ಮನುಷ್ಯರಿಗೆ ಸಲ್ಲುವಂತೆ ಎಂಜಿನಿಗೂ ಸಲ್ಲುತ್ತದೆ.