ಜೋಳಿಗೆಗೆ ಇನ್ನೊಂದು ಭಿಕ್ಷೆ

(ಇಳಕಲ್ಲಿನಲ್ಲಿ ಆಡಿದ ಮಾತುಗಳು)



ಇದೇ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ನಡೆದರು. ಬೇಡಿದ್ದು ಜೋಳವನ್ನಲ್ಲ, ರೊಕ್ಕವನ್ನಲ್ಲ, ನಮ್ಮ ದುಶ್ಚಟಗಳನ್ನು. ಹೊಸ್ತಿಲಿಗೆ ಬಂದು ಬೇಡಿದ್ದಕ್ಕೆ ಜನ ಮನಸಾರೆ ಕೊಟ್ಟರು. ಅದೇ ವರ್ಷಗಳಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ದೇಶದ ಹಲವೆಡೆ ಸರ್ಕಾರ ಗಂಡಸರಿಗೆ ಒತ್ತಾಯದ ಆಪರೇಷನ್ ಮಾಡಿಸಿತು. ಆ ಅಂಜಿಕೆ ಇನ್ನೂ ಹೋಗಿಲ್ಲ. ಒತ್ತಾಯಕ್ಕೂ ಭಿಕ್ಷೆಗೂ ಇರುವ ಅಂತರ ಇದು.

ಕುಟುಂಬ ಯೋಜನೆ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ಆದರೆ ಭಾರ ಯಾರ ಮೇಲೆ ಬಿದ್ದಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರು ನೂರಕ್ಕೆ ಒಬ್ಬರೂ ಇಲ್ಲ. ಹೆಣ್ಣು ಗಂಡು ಸಮಾನರೆಂದು ಬಾಯಿತುಂಬ ಹೇಳುವ ನಾವು ಈ ಲೆಕ್ಕಕ್ಕೆ ಏನು ಉತ್ತರ ಕೊಡೋಣ?

ಆದ್ದರಿಂದ ಇಂದು ಮೂರು ಭಿಕ್ಷೆ ಬೇಡುತ್ತೇನೆ.

ಮೊದಲನೆಯದು ತಂದೆ-ತಾಯಿಗಳಿಗೆ. ಮಗಳಿಗೆ 18 ತುಂಬುವ ಮೊದಲು ಮದುವೆ ಬೇಡ. ಕರ್ನಾಟಕದಲ್ಲಿ ಬಾಲ್ಯವಿವಾಹ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಮೈ ಬಲಿಯದ ಹುಡುಗಿಗೆ ಹೆರಿಗೆ ಎಂದರೆ ತಾಯಿ, ಕೂಸು ಇಬ್ಬರ ಜೀವವನ್ನೂ ಪಣಕ್ಕಿಟ್ಟಂತೆ.

ಎರಡನೆಯದು ಅತ್ತೆಯಂದಿರಿಗೆ. ಮದುವೆಯಾದ ವರ್ಷವೇ ತೊಟ್ಟಿಲು ಕಟ್ಟುವ ಅವಸರ ಬೇಡ. ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಎರಡು ವರ್ಷವಾದರೂ ಬಿಡುವು ಕೊಡಿ. ಅದಕ್ಕೆ ಆಪರೇಷನ್ನೇ ಆಗಬೇಕೆಂದಿಲ್ಲ. ವಂಕಿ ಇದೆ, ವಾರಕ್ಕೊಂದರಂತೆ ನುಂಗುವ ಛಾಯಾ ಗುಳಿಗೆ ಇದೆ. ಅದನ್ನು ಮೊದಲ ಮೂರು ತಿಂಗಳು ಮಾತ್ರ ವಾರಕ್ಕೆ ಎರಡು ನುಂಗಬೇಕು. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್ ಇದೆ. ಎಲ್ಲವೂ ಸರ್ಕಾರಿ ದವಾಖಾನೆಯಲ್ಲಿ ಉಚಿತ. ಯಾವುದು ಒಗ್ಗುತ್ತದೆಂದು ಡಾಕ್ಟರನ್ನು ಕೇಳಿ ಸೊಸೆಯೇ ಆರಿಸಿಕೊಳ್ಳಲಿ. ಬಾದಾಮಿ, ಹುನಗುಂದದ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವವರು ಇಂಜೆಕ್ಷನ್ನಿನ ಕಾರ್ಡು ಜೊತೆಗೆ ಒಯ್ಯಿರಿ; ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ತಾರೀಖು ತಪ್ಪದಂತೆ ವಿಚಾರಿಸಿರಿ.

ಮೂರನೆಯದು ಗಂಡಂದಿರಿಗೆ. ಮಕ್ಕಳು ಸಾಕೆಂದು ಇಬ್ಬರೂ ತೀರ್ಮಾನಿಸಿದ ಮೇಲೆ ಈ ಸಲ ನೀವು ಮುಂದೆ ಬನ್ನಿ. ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯುವುದಿಲ್ಲ. ಅದೇ ದಿನ ಮನೆಗೆ ಬರಬಹುದು. ಕೆಲವು ದಿನ ಭಾರ ಎತ್ತದಿದ್ದರೆ ಸಾಕು. ಮಗ್ಗದ ಕಾಯಕಕ್ಕಾಗಲಿ, ಹೊಲದ ಕಾಯಕಕ್ಕಾಗಲಿ ಕಸುವು ಕಡಿಮೆಯಾಗುವುದಿಲ್ಲ. ಗಂಡಸುತನವೂ ಹೋಗುವುದಿಲ್ಲ. ಒಂದು ಎಚ್ಚರಿಕೆ: ಮೂರು ತಿಂಗಳು ಬೇರೆ ಸಾಧನ ಬಳಸಿ, ಆಮೇಲೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಆಶಾ ತಾಯಿ ಬಿಸಿಲಲ್ಲಿ ಬಾಗಿಲು ಬಾಗಿಲು ತಟ್ಟುತ್ತಾಳೆ. ಸೊಸೆಯೊಡನೆ ಮಾತಾಡುತ್ತಾಳೆ, ಗಂಡ ಕಟ್ಟೆಯ ಮೇಲಿರುತ್ತಾನೆ, ಅತ್ತೆ ಒಳಗಿನಿಂದ ಬೇಡ ಅನ್ನುತ್ತಾಳೆ. ಆ ಕಟ್ಟೆಗೆ, ಆ ಒಳಮನೆಗೆ ಮಠದ ಮಾತು ಮುಟ್ಟುತ್ತದೆ. ಅಕ್ಕನ ಬಳಗದವರು, ಬಸವ ಕೇಂದ್ರದವರು ತಿಂಗಳಿಗೊಂದು ದಿನ ಅವಳ ಸಂಗಡ ಓಣಿಗೆ ನಡೆಯಿರಿ. ಒತ್ತಾಯ ಬೇಡ, ಯಾರ ಗುಟ್ಟನ್ನೂ ಬಯಲಿಗೆ ತರಬೇಡಿ. ಕೇಳಿದವರಿಗೆ ತಿಳಿಸಿ ಹೇಳಿ.

ಮಾತು ಕೊಡುವವರು ಮನೆಯಲ್ಲಿ ಹೆಂಡತಿಯ ಮುಂದೆ ಕೊಡಿ.