ನಕ್ಷೆಯಲ್ಲಿ ನಮ್ಮೂರ ಹೆಸರು



1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಪ್ರಾಂತ್ಯವು ಕಂಪನಿಯ ವಶವಾಯಿತು. ಅಲೆಕ್ಸಾಂಡರ್ ರೀಡ್ ಮತ್ತು ಅವರ ಸಹಾಯಕ ಥಾಮಸ್ ಮನ್ರೋ ಕಂದಾಯದ ನಿಗದಿಗಾಗಿ ಇಲ್ಲಿನ ಹೊಲಗಳನ್ನು ಅಳೆಸಿದರು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆದರು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದನ್ನು. ತ್ರಿಕೋನದ ಒಂದು ಬದಿಯನ್ನು ನೆಲದ ಮೇಲೆ ಅಳೆದರೆ ಸಾಕು, ಉಳಿದೆರಡು ಕೋನಗಳ ಲೆಕ್ಕದಿಂದ ದೊರೆಯುತ್ತಿದ್ದವು. ಆ ಕೋನಗಳಿಗಾಗಿ ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟಗಳ ಮೇಲೆ ಹೊರಬೇಕಿತ್ತು! ಇಂದು ಜೇಬಿನಲ್ಲಿರುವ ಮೊಬೈಲು ನಾಲ್ಕು ಉಪಗ್ರಹಗಳ ಸಂಕೇತಗಳಿಂದ ನಾವಿರುವ ನೆಲೆಯನ್ನು ಹೇಳಿಬಿಡುತ್ತದೆ. ಪಟ್ಟಾ, ಎಫ್‌ಎಂಬಿ ನಕ್ಷೆಗಳೂ ಸರ್ಕಾರದ ಜಾಲತಾಣದಲ್ಲಿ ಸಿಗುತ್ತವೆ.

ಆದರೆ ಉಪಗ್ರಹಕ್ಕೆ ಕೆರೆ ಕಾಣುತ್ತದೆ, ಕೆರೆಯ ಹೆಸರು ಕಾಣದು. ಅದನ್ನು ಊರವರಿಂದಲೇ ಕೇಳಿ ಬರೆಯಬೇಕು. ಹೊಸೂರು ಎಂದೊಡನೆ ಕನ್ನಡಿಗನಿಗೆ ಹೊಸ ಊರೆಂಬ ಅರ್ಥ ಹೊಳೆಯುತ್ತದೆ; ತಮಿಳು ಬರಹದ ಓಸೂರಿನಲ್ಲಿ ಅದು ಮರೆಯಾಗುತ್ತದೆ. ಅದು ಆ ಭಾಷೆಯ ಜಾಯಮಾನ, ಅದರಲ್ಲಿ ತಪ್ಪೆಣಿಸುವುದು ಸಲ್ಲದು. ಹೊಸೂರು, ತಳಿ, ಬಾಗಲೂರುಗಳನ್ನು ಹೇಗೆ ಬರೆದರೂ ಜನ ಗುರುತಿಸಿಯಾರು. ನಮ್ಮ ಚಿಂತೆ ಕುಂಟೆ, ಕಟ್ಟೆ, ಹಳ್ಳ, ಬೆದ್ದಲುಗಳದು. ಕಾರ್ಖಾನೆ, ಬಡಾವಣೆಗಳು ಎದ್ದ ಕಡೆ ಹೊಲದೊಡನೆ ಹೊಲದ ಹೆಸರೂ ಅಳಿಯುತ್ತಿದೆ. ಉಳಿಯುವುದು ಸರ್ವೆ ನಂಬರು ಮಾತ್ರ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ 2004ರಲ್ಲಿ ಆರಂಭವಾಯಿತು. (ನಮ್ಮ ಕೃಷ್ಣಗಿರಿ ಜಿಲ್ಲೆ ಧರ್ಮಪುರಿಯಿಂದ ಬೇರ್ಪಟ್ಟದ್ದೂ ಅದೇ ವರ್ಷ.) ಅದರಲ್ಲಿ ಒಂದೇ ಸ್ಥಳಕ್ಕೆ ತಮಿಳು, ಕನ್ನಡ, ತೆಲುಗು ಹೆಸರುಗಳನ್ನು ಅಕ್ಕಪಕ್ಕ ದಾಖಲಿಸಬಹುದು, ಯಾರು ಬೇಕಾದರೂ ದಾಖಲಿಸಬಹುದು. ಮೇಲಿನ ತರಗತಿಗಳ ಮಕ್ಕಳು ಗುರುಗಳ ಜೊತೆಗೂಡಿ ಈ ಕಾರ್ಯವನ್ನು ಕೈಗೊಳ್ಳಲೆಂಬುದು ನಮ್ಮ ಕೋರಿಕೆ. ಪ್ರತಿಯೊಂದು ಹೆಸರನ್ನೂ ಇಬ್ಬರು ಹಿರಿಯರಲ್ಲಾದರೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಊಹೆಯ ಹೆಸರು ಒಮ್ಮೆ ನಕ್ಷೆಗೇರಿದರೆ ಇಳಿಸುವುದು ಕಷ್ಟ.

ಪೋಷಕರಲ್ಲಿಯೂ ಒಂದು ವಿನಂತಿ. ಮನೆಯ ಹಳೆಯ ಕ್ರಯಪತ್ರಗಳಲ್ಲಿ ಚಕ್ಕುಬಂದಿ ಬರೆದಿರುತ್ತದೆ: ಮೂಡಲಿಗೆ ಇಂಥ ಕೆರೆಯ ಕೋಡಿ, ಪಡುವಲಿಗೆ ಇಂಥ ಗುಡ್ಡಕ್ಕೆ ಹೋಗುವ ಗಾಡಿಜಾಡು. ಬಿಡುವಿದ್ದಾಗ ಅದನ್ನು ಮಕ್ಕಳಿಗೆ ಓದಿ ಹೇಳಿ. ಸ್ಥಳದ ಹೆಸರುಗಳನ್ನಷ್ಟೇ ಅವರು ಬರೆದುಕೊಳ್ಳಲಿ. ಪತ್ರಗಳು ಮನೆಯ ಪೆಟ್ಟಿಗೆಯಲ್ಲೇ ಇರಲಿ.