ಬಾಲ್ಟಿಕ್ ಕಡಲು: ಮೊದಲು ಅಳತೆ, ಆಮೇಲೆ ಒಪ್ಪಂದ



ಸಂಘದ ಈ ಉಪನ್ಯಾಸ ಮಾಲೆಯಲ್ಲಿ ಬಾಲ್ಟಿಕ್ ಕಡಲಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು "ಅಷ್ಟು ದೂರ ಯಾಕೆ ಸರ್?" ಎಂದು ಕೇಳಿದರು. ನನಗೆ ದೂರದ ನೀರೇ ಬೇಕಿತ್ತು. ಹಂಚಿಕೊಂಡ ನೀರು ಎಂದ ಕೂಡಲೇ ನಮಗೆ ಕಾವೇರಿ ನೆನಪಾಗುತ್ತಾಳೆ. ಕಾವೇರಿ ಎಂದರೆ ಎರಡೂ ಕಡೆ ರಕ್ತ ಬಿಸಿಯಾಗುತ್ತದೆ. ನಮ್ಮದಲ್ಲದ ನೀರಿನ ಜಗಳವನ್ನು ಸ್ವಲ್ಪ ಸಮಾಧಾನದಿಂದ ನೋಡಬಹುದು.

ಇತಿಹಾಸವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 1974ರ ಮಾರ್ಚ್ 22ರಂದು ಹೆಲ್ಸಿಂಕಿಯಲ್ಲಿ ಏಳು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ಫಿನ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಪೋಲೆಂಡ್, ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಪಶ್ಚಿಮ ಜರ್ಮನಿ. ಹಡಗಿನಿಂದ, ನೆಲದಿಂದ, ಗಾಳಿಯಿಂದ ಒಂದು ಇಡೀ ಕಡಲನ್ನು ಸೇರುವ ಎಲ್ಲ ಬಗೆಯ ಮಾಲಿನ್ಯವೂ ಒಂದೇ ಒಪ್ಪಂದದೊಳಗೆ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಅದು ಜಾರಿಗೆ ಬಂದದ್ದು 1980ರಲ್ಲಿ. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರಲ್ಲಿ, ಹೊಸ ಒಪ್ಪಂದವಾಯಿತು. ಅದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಹೆಲ್ಕಾಂ. ಇಂದು ಅದರಲ್ಲಿ ಒಂಬತ್ತು ದೇಶಗಳಿವೆ, ಜೊತೆಗೆ ಐರೋಪ್ಯ ಒಕ್ಕೂಟವಿದೆ.

ಕಡಲಿನ ಸ್ವಭಾವವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಬಾಲ್ಟಿಕ್ ಕಿರುಬಾಯಿಯ ಕೊಡ. ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ ಜಲಸಂಧಿಗಳಿಂದ ಮಾತ್ರ ಹೊರಗಿನ ಉಪ್ಪುನೀರು ಒಳಬರಬೇಕು. ಇಡೀ ನೀರು ಬದಲಾಗಲು ಸುಮಾರು 30 ವರ್ಷ ಬೇಕು. ಸರಾಸರಿ ಆಳ 55 ಮೀಟರ್ ಆಸುಪಾಸು. ಸುತ್ತಲಿನ ಜಲಾನಯನ ಪ್ರದೇಶದಲ್ಲಿ ಸುಮಾರು ಎಂಟೂವರೆ ಕೋಟಿ ಜನ. ಅವರ ಕಕ್ಕಸಿನ ನೀರು, ಹೊಲದ ಗೊಬ್ಬರ, ಕಾರ್ಖಾನೆಯ ಕೊಳೆ ಎಲ್ಲವೂ ಇಳಿದು ಸೇರುವುದು ಇಲ್ಲಿಗೇ.

ಈಗ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ವಾದಕ್ಕೆ ಬರುತ್ತೇನೆ. ಹೆಲ್ಸಿಂಕಿ ಒಪ್ಪಂದದಿಂದ ನಿಜವಾಗಿ ಏನಾದರೂ ಆಯಿತೇ? ಏನೂ ಆಗಲಿಲ್ಲ ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಹೆಲ್ಕಾಂ ಕೊಡುವುದು ಶಿಫಾರಸು, ಆಜ್ಞೆ ಅಲ್ಲ. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ತಪ್ಪಿದವರಿಗೆ ದಂಡವಿಲ್ಲ. ಅದಕ್ಕಿಂತ ಹೆಚ್ಚಾಗಿ, 1974ರ ಒಪ್ಪಂದ ದೇಶಗಳ ಒಳನಾಡು ಜಲವನ್ನು, ಅಂದರೆ ದಡಕ್ಕೆ ಅಂಟಿಕೊಂಡ ಬಂದರು, ಕೊಲ್ಲಿಗಳ ನೀರನ್ನು ಹೊರಗಿಟ್ಟಿತ್ತು. ಕೊಳೆ ಬರುತ್ತಿದ್ದದ್ದೇ ಅಲ್ಲಿಂದ! ಕೊಳೆ ಇಳಿದದ್ದು ಸೋವಿಯತ್ ಕಾಲದ ಕಾರ್ಖಾನೆಗಳು ಮುಚ್ಚಿದ್ದರಿಂದ, ಐರೋಪ್ಯ ಒಕ್ಕೂಟದ ಕಾನೂನು ಮತ್ತು ಹಣದಿಂದ ಎಂದು ಇವರು ಹೇಳುತ್ತಾರೆ.

ಈ ಮಾತನ್ನು ನಾನು ಸುಳ್ಳು ಎನ್ನುವುದಿಲ್ಲ. ಆದರೆ ಅದು ಒಂದು ಇಸವಿಯನ್ನು ಬಿಟ್ಟುಬಿಡುತ್ತದೆ. ಒಪ್ಪಂದ ಜಾರಿಗೆ ಬಂದದ್ದು 1980ರಲ್ಲಿ ಎಂದೆನಲ್ಲ, ಎಲ್ಲ ದೇಶಗಳೂ ಸೇರಿ ಕಡಲನ್ನು ಒಂದೇ ಕ್ರಮದಲ್ಲಿ ಅಳೆಯುವ ಕಾರ್ಯಕ್ರಮ ಶುರುವಾದದ್ದು 1979ರಲ್ಲಿ! ಫಿನ್ಲೆಂಡ್ ಮತ್ತು ಸೋವಿಯತ್ ಒಕ್ಕೂಟ ಫಿನ್ಲೆಂಡ್ ಕೊಲ್ಲಿಗಾಗಿ ಜಂಟಿ ತಂಡ ಮಾಡಿಕೊಂಡದ್ದಂತೂ 1968ರಲ್ಲೇ. ಕಾನೂನು ಬರುವ ಮೊದಲೇ ಅಳತೆ ಬಂದಿತ್ತು. ನನ್ನ ಇವತ್ತಿನ ಉಪನ್ಯಾಸದ ತಿರುಳು ಇಷ್ಟೇ.

ಅಳತೆಗೆ ಇಷ್ಟು ಮಹತ್ವ ಕೊಡುವುದನ್ನು ನನಗೆ ಕಲಿಸಿದವರು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನವನ್ನು ಅವರು ಪೂಜೆಯಷ್ಟೇ ಶ್ರದ್ಧೆಯಿಂದ ಮಾಡಿಸುತ್ತಿದ್ದರು. ಹಂಗರಿಯ ಲಾಯೊಶ್ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ ಅದು. ಒಂದು ಗುಳ್ಳೆಯೂ ಇಲ್ಲದಂತೆ ಬಾಟಲಿ ತುಂಬಿಸಿ ಮುಚ್ಚಬೇಕು. ಪಿಷ್ಟದ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಗೆ ಕಾಯಬೇಕು. ಒಬ್ಬರನ್ನೊಬ್ಬರು ಮಾತಾಡಿಸದ ಇಬ್ಬರು ಹುಡುಗರನ್ನು ಮೇಷ್ಟ್ರು ಬೇಕೆಂದೇ ಒಂದೇ ಬ್ಯೂರೆಟ್ಟಿಗೆ ಹಾಕುತ್ತಿದ್ದರು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಅಂಕಿ ಬರೆಯಬೇಕು, ಎರಡೂ ಹೊಂದುವ ತನಕ ಮನೆಗೆ ಹೋಗುವಂತಿಲ್ಲ. "ನಿಮ್ಮ ಸ್ನೇಹ ನನಗೆ ಬೇಡ ಕಣ್ರಯ್ಯಾ, ನಿಮ್ಮ ಅಂಕಿ ಸ್ನೇಹವಾಗಿರಲಿ" ಎನ್ನುತ್ತಿದ್ದರು.

ಶೀತಲ ಸಮರದ ನಡುವೆ ಬಾಲ್ಟಿಕ್ ದಂಡೆಯ ವಿಜ್ಞಾನಿಗಳು ಮಾಡಿದ್ದು ಇದನ್ನೇ. ಎರಡು ಬಣಗಳ ಪ್ರಯೋಗಾಲಯಗಳು ತಮ್ಮ ವಿಧಾನಗಳನ್ನು ಒಂದಕ್ಕೊಂದು ತಾಳೆ ನೋಡಿಕೊಂಡವು.

ಅಳತೆಯಿಂದ ಏನಾಗುತ್ತದೆ ಎಂಬುದಕ್ಕೆ ಮೂರು ನಿದರ್ಶನ ಕೊಡುತ್ತೇನೆ. ಸ್ವೀಡನ್ನಿನ ವಿಜ್ಞಾನಿ ಸೋರೆನ್ ಯೆನ್ಸೆನ್ ಕೀಟನಾಶಕ ಡಿಡಿಟಿಯನ್ನು ಹುಡುಕುತ್ತಿದ್ದಾಗ ಯಂತ್ರದ ಗೆರೆಯಲ್ಲಿ ಹೆಸರಿಲ್ಲದ ಏರುಗಳು ಕಂಡವು. ಅವರು ಅವನ್ನು ಅಲ್ಲಿಗೇ ಬಿಡಲಿಲ್ಲ. ಅದು ಪಿಸಿಬಿ ಎಂಬ ಕೈಗಾರಿಕಾ ವಿಷ ಎಂದು 1966ರಲ್ಲಿ ತಿಳಿಸಿದರು. ವಸ್ತುಸಂಗ್ರಹಾಲಯದಲ್ಲಿದ್ದ 1944ರ ಹದ್ದಿನ ಗರಿಯಲ್ಲೂ ಅದು ಸಿಕ್ಕಿತು. ಆಮೇಲೆ ಡಿಡಿಟಿಗೂ ಪಿಸಿಬಿಗೂ ನಿಷೇಧ ಬಿತ್ತು. ಮೊಟ್ಟೆಯಿಂದ ಮರಿಮಾಡಲಾಗದೆ ಕ್ಷೀಣಿಸಿದ್ದ ಬಿಳಿಬಾಲದ ಕಡಲ ಹದ್ದುಗಳೂ 1970ರ ದಶಕದಲ್ಲಿ ಕೆಲವೇ ಸಾವಿರಕ್ಕೆ ಇಳಿದಿದ್ದ ಬೂದು ಸೀಲುಗಳೂ ಇಂದು ಮತ್ತೆ ಬೆಳೆದಿವೆ.

ಎರಡನೆಯದು, 1992ರಲ್ಲಿ ಹೆಲ್ಕಾಂ ಅತಿ ಹೆಚ್ಚು ಕೊಳೆ ಸುರಿಯುವ 132 ಜಾಗಗಳ ಪಟ್ಟಿ ಮಾಡಿತು. ಬ್ಯಾಂಕುಗಳೂ ಸರ್ಕಾರಗಳೂ ಹಣ ಎಲ್ಲಿಗೆ ಹಾಕಬೇಕು ಎಂದು ನೋಡಿದ್ದು ಆ ಪಟ್ಟಿಯನ್ನು. ಸೇಂಟ್ ಪೀಟರ್ಸ್‌ಬರ್ಗಿನ ನೈರುತ್ಯ ಭಾಗದ ಕೊಳಚೆ ಶುದ್ಧೀಕರಣ ಘಟಕದ ಕಟ್ಟಡ 1990ರ ದಶಕದಲ್ಲಿ ಅರ್ಧಕ್ಕೇ ನಿಂತಿತ್ತು. ನೆರೆಯ ದೇಶಗಳ ನೆರವಿನಿಂದ ಅದು ಮುಗಿದು 2005ರಲ್ಲಿ ಉದ್ಘಾಟನೆಯಾಯಿತು. ಸುಮಾರು ಏಳು ಲಕ್ಷ ಜನರ ಕೊಳಚೆ ಕಡಲಿಗೆ ನೇರ ಹೋಗುವುದು ನಿಂತಿತು. ವೇದಿಕೆಯಲ್ಲಿ ರಷ್ಯಾ ಮತ್ತು ಫಿನ್ಲೆಂಡಿನ ಅಧ್ಯಕ್ಷರೂ ಸ್ವೀಡನ್ನಿನ ಪ್ರಧಾನಿಯೂ ಒಟ್ಟಿಗಿದ್ದರು.

ಮೂರನೆಯದು 2012ರದು. ರಷ್ಯಾದ ಲೂಗಾ ನದಿಯಲ್ಲಿ ರಂಜಕ ಮಿತಿಮೀರಿದ್ದು ಅಳತೆಯಲ್ಲಿ ಸಿಕ್ಕಿತು. ಬೆನ್ನುಹತ್ತಿದರೆ, ಗೊಬ್ಬರ ಕಾರ್ಖಾನೆಯೊಂದರ ಜಿಪ್ಸಮ್ ತ್ಯಾಜ್ಯದ ಗುಡ್ಡೆಯಿಂದ ಅದು ಸೋರುತ್ತಿತ್ತು. ಮಾತುಕತೆಯಾಯಿತು, ಸೋರಿಕೆಗೆ ತಡೆ ಬಿತ್ತು.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ವಾದಕ್ಕೆ ಎದುರು ನಿಲ್ಲುವ ಸಂಗತಿಯನ್ನೂ ನಿಮ್ಮ ಮುಂದಿಡಬೇಕು. 1988ರಲ್ಲಿ ಹೆಲ್ಕಾಂ ದೇಶಗಳ ಮಂತ್ರಿಗಳು ಸಾರಜನಕ, ರಂಜಕಗಳನ್ನು 1995ರ ಹೊತ್ತಿಗೆ ಅರ್ಧಕ್ಕಿಳಿಸುವುದಾಗಿ ಘೋಷಿಸಿದರು. ನಗರದ ಕೊಳಚೆಯಲ್ಲಿ ತಕ್ಕಮಟ್ಟಿಗೆ ಆಯಿತು, ಹೊಲದ ಗೊಬ್ಬರದಲ್ಲಿ ಆಗಲಿಲ್ಲ. 2007ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಹೊಸ ಕಾರ್ಯಯೋಜನೆ ಬಂತು; 2021ಕ್ಕೆ ಕಡಲು ಸುಸ್ಥಿತಿಗೆ ಬರಬೇಕು ಎಂಬ ಗುರಿ. ಅದೂ ಮುಟ್ಟಲಿಲ್ಲ. ಹೊಲದಿಂದ ಹೋಗುವ ಸಾರಜನಕ ಎಷ್ಟು ಎಂದು ದಶಕಗಳಿಂದ ಗೊತ್ತಿತ್ತು. ಗೊತ್ತಿದ್ದೂ ರೈತರ ಮತಕ್ಕೆ ಅಂಜಿ ಹೆಚ್ಚಿನ ಸರ್ಕಾರಗಳು ಸಾಕಷ್ಟು ಬಿಗಿಮಾಡಲಿಲ್ಲ. ಸಾಲದ್ದಕ್ಕೆ, ತಳದಲ್ಲಿ ಆಮ್ಲಜನಕ ತೀರಿದಾಗ ಹಳೆಯ ಕೆಸರಿನಲ್ಲಿ ಕೂತಿದ್ದ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಅದನ್ನುಂಡು ಬೇಸಿಗೆಯಲ್ಲಿ ನೀಲಿ-ಹಸಿರು ಪಾಚಿ ಹಬ್ಬುತ್ತದೆ, ಸತ್ತು ತಳಕ್ಕಿಳಿದು ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ತಾತಂದಿರ ಗೊಬ್ಬರಕ್ಕೆ ಮೊಮ್ಮಕ್ಕಳ ಕಡಲು ಬೆಲೆ ತೆರುತ್ತಿದೆ.

ಆಮೇಲೆ 2022 ಬಂತು. ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿದ ನಂತರ ಉಳಿದ ಸದಸ್ಯರು ರಷ್ಯಾದೊಂದಿಗಿನ ಅಧಿಕೃತ ಸಭೆಗಳನ್ನು ನಿಲ್ಲಿಸಿದರು. ರಷ್ಯಾದ ನೇವಾ ನದಿ ಮಾತ್ರ ಎಂದಿನಂತೆ ಹರಿದು ಅದೇ ಫಿನ್ಲೆಂಡ್ ಕೊಲ್ಲಿಗೆ ಬೀಳುತ್ತಿದೆ.

ನಮ್ಮ ಕಡೆಗೆ ಒಮ್ಮೆ ತಿರುಗೋಣ. ಕಾವೇರಿ ತಮಿಳುನಾಡಿಗೆ ಹೋಗುವ ಗಡಿಯ ಬಿಳಿಗುಂಡ್ಲು ನಿಮಗೆಲ್ಲ ಗೊತ್ತು. ತಮಿಳುನಾಡಿಗೆ ಬಿಡಬೇಕಾದ 177.25 ಟಿಎಂಸಿ ಹೆಚ್ಚೋ ಕಡಿಮೆಯೋ ಎಂದು ನಾವು ಎಷ್ಟೇ ಜಗಳವಾಡಿದರೂ, ಕೇಂದ್ರ ಜಲ ಆಯೋಗದವರು ಅಲ್ಲಿ ಅಳೆದ ಅಂಕಿಯನ್ನೇ ಎರಡೂ ರಾಜ್ಯಗಳು ಹಿಡಿದುಕೊಂಡು ವಾದಿಸುತ್ತವೆ. ಕಡಲಿನಲ್ಲಿ ನಮಗೆ ಅಷ್ಟೂ ಇಲ್ಲ. ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್ ಸೇರಿ 1995ರಲ್ಲಿ ದಕ್ಷಿಣ ಏಷ್ಯಾದ ಕಡಲುಗಳಿಗೊಂದು ಕಾರ್ಯಯೋಜನೆ ಒಪ್ಪಿದವು. ಹೆಲ್ಸಿಂಕಿಯಂಥ ಒಪ್ಪಂದವಾಗಿ ಅದು ಬೆಳೆಯಲಿಲ್ಲ.

ಮತ್ತೆ ಬಾಲ್ಟಿಕ್‌ಗೆ ಬರೋಣ. ಯುದ್ಧ ಮಾಡುತ್ತಿರುವ ದೇಶದ ವಿಜ್ಞಾನಿಯ ಜೊತೆ ಕೂತು ನೀರು ಅಳೆಯಬಹುದೇ? ಕೂತರೆ ಆ ಯುದ್ಧಕ್ಕೆ ಮರ್ಯಾದೆ ಕೊಟ್ಟಂತಾಗುವುದೇ? ಕೂರದಿದ್ದರೆ, ಮುಂದೆ ಶಾಂತಿ ಬಂದಾಗ ನಡುವಿನ ವರ್ಷಗಳ ಅಂಕಿಯನ್ನು ಎಲ್ಲಿಂದ ತರುವುದು? ಮೇಷ್ಟ್ರಾಗಿದ್ದರೆ ಕೂರಿ ಎನ್ನುತ್ತಿದ್ದರು. ಆದರೆ ಅವರ ಇಬ್ಬರು ಹುಡುಗರಲ್ಲಿ ಒಬ್ಬನು ಇನ್ನೊಬ್ಬನ ನೆಂಟರ ಮನೆಗೆ ಬೆಂಕಿ ಇಟ್ಟಿರಲಿಲ್ಲ. ಕೀವ್‌ನಿಂದ ಬಂದವರೊಬ್ಬರು ಈ ಸಭೆಯಲ್ಲಿದ್ದಿದ್ದರೆ "ಅಳೆಯಲೇಬೇಕು" ಎಂದು ಅವರ ಮುಖ ನೋಡಿ ಹೇಳಲು ನನಗೆ ಬಾಯಿ ಬರುತ್ತಿತ್ತೇ? ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಆದರೆ ಅರಬ್ಬೀ ಸಮುದ್ರದ ವಿಷಯದಲ್ಲಿ ನನಗೆ ಆ ಗೊಂದಲವಿಲ್ಲ. ಎರಡು ಜರ್ಮನಿಗಳು 1974ರಲ್ಲಿ ಒಂದೇ ಮೇಜಿಗೆ ಬಂದಿದ್ದವು. ಮಂಗಳೂರು, ಕಾರವಾರ, ಕೊಚ್ಚಿಯ ಪ್ರಯೋಗಾಲಯಗಳೂ ಕರಾಚಿ, ಕೊಲಂಬೊ, ಮಾಲೆಯ ಪ್ರಯೋಗಾಲಯಗಳೂ ಒಂದೇ ವಿಧಾನದಲ್ಲಿ ನೀರು ಅಳೆದು ಅಂಕಿಗಳನ್ನು ಎಲ್ಲರ ಮುಂದಿಡಲಿ. ದೊಡ್ಡ ಒಪ್ಪಂದಕ್ಕೆ ಕಾಯುವುದು ಬೇಡ. ನಮ್ಮ ವಿಶ್ವವಿದ್ಯಾಲಯಗಳು, ಮೀನುಗಾರರ ಸಂಘಗಳು, ಇಂಥ ಸಾಂಸ್ಕೃತಿಕ ಸಂಘಗಳು ಈ ಬೇಡಿಕೆಯನ್ನು ಸರ್ಕಾರದ ಮುಂದೆ ಇಡಬೇಕೆಂದು ನಿಮ್ಮೆಲ್ಲರನ್ನು ಕೇಳಿಕೊಳ್ಳುತ್ತೇನೆ.